ವರ್ತಕರ ಮುಖಚಿತ್ರವೂ ಕ್ಯಾಮೆರಾದ ಅಂಜಿಕೆಯೂ



ವ್ಯಾಪಾರವೆಂಬುದು ಮೊದಲಿನಿಂದಲೂ ಮುಖ ನೋಡಿ ನಡೆಯತಕ್ಕ ವ್ಯವಹಾರ. ಅಂಗಡಿಯ ಗೋಡೆಯ ಮೇಲೆ "ಇಂದು ನಗದು, ನಾಳೆ ಉದ್ರಿ" ಎಂದು ದೊಡ್ಡ ಅಕ್ಷರಗಳಲ್ಲಿ ಬರೆಸಿದ ಯಜಮಾನರೇ, ಪರಿಚಯದ ಮುಖವೊಂದು ಕಟ್ಟೆಯೇರಿ ಬಂದರೆ ಆ ಬರಹವನ್ನು ಮರೆತು ಉದ್ರಿಯ ಲೆಕ್ಕದ ಪುಸ್ತಕವನ್ನು ತೆರೆಯುತ್ತಾರೆ. ಗಿರಾಕಿಯ ಕಡೆಯಿಂದಲೂ ಹಾಗೆಯೇ. ವಿಜಯಪುರದ ಸೀಮೆಯಲ್ಲಿ ಅರಕೇರಿಯಂಥ ಊರಿನವರು ಬೀಜ, ಗೊಬ್ಬರ, ಅರಿವೆ, ಕಿರಾಣಿ ಸಾಮಾನು ಕೊಳ್ಳಹೊರಟಾಗ ಹೇಳುವುದು ಅಂಗಡಿಯ ಹೆಸರನ್ನಲ್ಲ, ಅಂಗಡಿಕಾರರ ಹೆಸರನ್ನು. ತೂಕದಲ್ಲಿ ಕಡಿಮೆಯಾದರೆ, ಬೀಜ ಮೊಳೆಯದಿದ್ದರೆ, ಯಾರ ಬಳಿಗೆ ಹೋಗಿ ಕೇಳಬೇಕೆಂಬುದು ಅವರಿಗೆ ಗೊತ್ತು. ಆ ಗೊತ್ತಿರುವಿಕೆಯೇ ವ್ಯಾಪಾರದ ಬಂಡವಾಳದಲ್ಲಿ ಅರ್ಧ ಪಾಲು.

ಈ ಮಾತು ಚಿಲ್ಲರೆ ಅಂಗಡಿಗಳಿಗೆ ಮಾತ್ರ ಸಲ್ಲುವುದಲ್ಲ. ವಚನಗಳ ಸಂಶೋಧನೆಗಾಗಿ ನಾವೆಲ್ಲ ನೆನೆಯುವ ಡಾ. ಫ. ಗು. ಹಳಕಟ್ಟಿಯವರು ವಕೀಲರಾಗಿದ್ದು, 1912ರಲ್ಲಿ ಅದೇ ನಗರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೂ ಕಾರಣರಾದರು. ಸಹಕಾರಿ ಸಂಸ್ಥೆಯೆಂದರೆ ಏನು? ಒಬ್ಬರನ್ನೊಬ್ಬರು ಬಲ್ಲವರು ಹಣವನ್ನು ಒಂದುಗೂಡಿಸಿ ಒಬ್ಬರಿಗೊಬ್ಬರು ಹೊಣೆಯಾಗುವುದು. ಅದರ ಅಡಿಗಲ್ಲು ಮುಖಪರಿಚಯವೇ ಅಲ್ಲವೆ?

ಆದರೆ ಈಚಿನ ವರ್ಷಗಳಲ್ಲಿ ಗಿರಾಕಿಯೂ ವರ್ತಕರೂ ಒಬ್ಬರಿಂದೊಬ್ಬರು ದೂರ ಸರಿದಿದ್ದಾರೆ. ತಿಕೋಟಾ ಭಾಗದ ಶೆಡ್ಡಿನಲ್ಲಿ ಒಣಗಿದ ದ್ರಾಕ್ಷಿಯನ್ನು ಬೆಂಗಳೂರಿನ ಗೃಹಿಣಿ ದೂರವಾಣಿಯ ಪರದೆಯ ಮೇಲೆ ನೋಡಿ ತರಿಸಿಕೊಳ್ಳುತ್ತಾಳೆ. ಬಬಲೇಶ್ವರದ ಕಡೆಯ ಮಹಿಳೆಯರು ತಟ್ಟಿದ ಕಟಕು ರೊಟ್ಟಿ ಪೊಟ್ಟಣದಲ್ಲಿ ಸೇರಿ, ಅವರು ಎಂದೂ ಕಾಣದ ಊರುಗಳಿಗೆ ಹೋಗಬಲ್ಲುದು. ಅಲ್ಲಿ ಕೊಳ್ಳುವವರಿಗೆ ಕಾಣುವುದು ಹೆಸರು, ಬೆಲೆ, ಒಂದು ದೂರವಾಣಿ ಸಂಖ್ಯೆ. ಇವುಗಳ ನಡುವೆ ಒಂದು ಮುಖ ಕಂಡರೆ, "ಇದರ ಹಿಂದೆ ಒಬ್ಬ ಮನುಷ್ಯರಿದ್ದಾರೆ" ಎಂಬ ಧೈರ್ಯ ಹುಟ್ಟುತ್ತದೆ. ಆದ್ದರಿಂದಲೇ ಇಂದು ಭೇಟಿಯ ಚೀಟಿಗೆ, ವಾಟ್ಸ್ಆ್ಯಪ್ಪಿನ ಗುರುತಿಗೆ, ಸರಕಿನ ಪೊಟ್ಟಣಕ್ಕೆ ಯಜಮಾನರದೊಂದು ಒಳ್ಳೆಯ ಮುಖಚಿತ್ರ ಬೇಕಾಗಿದೆ. 2017ರಲ್ಲಿ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ನೋಂದಣಿಗೂ ಮಾಲೀಕರ ಭಾವಚಿತ್ರ ಬೇಕೇ ಬೇಕು.

ಇಲ್ಲಿಯೇ ಒಂದು ವಿಚಿತ್ರ ಕಾಣಬರುತ್ತದೆ. ನೂರು ಜನರ ಸಂತೆಯಲ್ಲಿ ನಿಂತು ಎದೆ ತಟ್ಟಿ ದರ ಕೂಗಬಲ್ಲ ಸಾಹುಕಾರರು, ಅಡತಿಯ ಅಂಗಡಿಯಲ್ಲಿ ಕಂಠ ಬಿಗಿಯದೆ ಚೌಕಾಸಿ ಮಾಡಬಲ್ಲ ದಲಾಲರು, ಕ್ಯಾಮೆರಾವನ್ನು ಕಂಡೊಡನೆ ಮದುವಣಗಿತ್ತಿಯಂತೆ ತಲೆ ತಗ್ಗಿಸುತ್ತಾರೆ. "ನನ್ನ ಮಾರಿ ನೋಡಿ ಯಾರ್ ಖರೀದಿ ಮಾಡ್ತಾರ್ರಿ? ಮಾಲಿಂದ ಫೋಟೋ ತಗೀರಿ," ಎನ್ನುತ್ತಾರೆ. ಇನ್ನೂ ಒತ್ತಾಯಿಸಿದರೆ ಗೋಡೆಯ ಕಡೆ ಕೈ ತೋರಿಸಿ, "ಅಪ್ಪಾರ ಫೋಟೋ ಐತಲ್ಲರಿ, ಸಾಕು," ಎಂದುಬಿಡುತ್ತಾರೆ.

ಈ ಕಡೆಯ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳಲಾಗದು. ಅಂಜಿಕೆಯ ಬೇರು ಅದರಲ್ಲಿದೆ. ನಮ್ಮ ಮನೆ ಅಂಗಡಿಗಳಲ್ಲಿ ಒಬ್ಬರೇ ಇರುವ ದೊಡ್ಡ ಪಟವೆಂದರೆ ಬಹುಮಟ್ಟಿಗೆ ತೀರಿಕೊಂಡವರದು. ಅದಕ್ಕೆ ಗಂಧದ ಹಾರ, ಮುಂದೆ ಊದುಬತ್ತಿ; ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಅದಕ್ಕೂ ಒಂದು ಆರತಿ. ಬದುಕಿರುವವರು ಚಿತ್ರದಲ್ಲಿ ಕಾಣಿಸಿಕೊಳ್ಳುವುದು ಮದುವೆಯ ಗುಂಪಿನಲ್ಲಿ. ಒಬ್ಬರೇ ಕುಳಿತು ತೆಗೆಸಿಕೊಳ್ಳುವ ಪ್ರಸಂಗ ಬಂದರೆ ಅದು ಸರ್ಕಾರಿ ಕಾಗದಕ್ಕಾಗಿ. ಅಲ್ಲಿ "ನಗಬೇಡಿ, ನೇರ ನೋಡಿ" ಎಂಬ ಆಜ್ಞೆ. ಹೀಗೆ ಒಂಟಿ ಭಾವಚಿತ್ರಕ್ಕೂ ನಮಗೂ ಇರುವ ನಂಟು ಎರಡೇ: ಒಂದು ಕಚೇರಿ, ಇನ್ನೊಂದು ಮರಣ. ಪಟ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂಬ ಹಳೆಯ ನಂಬಿಕೆ ಮರೆಯಾದರೂ, ಅದರ ನೆರಳು ಮನಸ್ಸಿನ ಮೂಲೆಯಲ್ಲಿ ಉಳಿದಿರುತ್ತದೆ. ಅಂಥವರನ್ನು ಕುರ್ಚಿಯ ಮೇಲೆ ಕೂರಿಸಿ, ದೀಪಗಳನ್ನು ಹೊತ್ತಿಸಿ, "ಸ್ವಲ್ಪ ನಗಿ" ಎಂದರೆ ನಗು ಎಲ್ಲಿಂದ ಬರಬೇಕು?

ಎರಡನೆಯ ಕಾರಣ ವಿನಯ. ಬಸವಣ್ಣನವರು ಹುಟ್ಟಿದ ಬಸವನಬಾಗೇವಾಡಿ ಇದೇ ಜಿಲ್ಲೆಯಲ್ಲಿದೆ. ಕಾಯಕವೇ ದೊಡ್ಡದು, ಮಾಡುವವನು ಮೆರೆಯಬಾರದು ಎಂಬ ಭಾವನೆ ಅಲ್ಲಿನ ನೆಲದಲ್ಲಿ ಆಳವಾಗಿ ಬೇರೂರಿದೆ. ರಸ್ತೆಯ ತಿರುವುಗಳಲ್ಲಿ ಹುಟ್ಟುಹಬ್ಬದ ಶುಭಾಶಯ ಹೊತ್ತ ಆಳೆತ್ತರದ ಫ್ಲೆಕ್ಸುಗಳನ್ನು ನೋಡಿ ಬೇಸತ್ತ ಸಭ್ಯ ಗೃಹಸ್ಥರು, ತಾವೂ ಆ ಸಾಲಿಗೆ ಸೇರಬೇಕೆ ಎಂದು ಹಿಂಜರಿಯುವುದು ಸಹಜ. ಅವರ ಹಿಂಜರಿಕೆಯಲ್ಲಿ ಒಂದು ಸದ್ಗುಣವಿದೆ. ಅದನ್ನು ಹಾಸ್ಯ ಮಾಡಿ ಓಡಿಸಬಾರದು. ಅದಕ್ಕೆ ಉತ್ತರ ಹೇಳಬೇಕು.

ಉತ್ತರವನ್ನು ನಾನು ಹೀಗೆ ಹೇಳುತ್ತೇನೆ. ಫ್ಲೆಕ್ಸಿನ ಮುಖ "ನನ್ನನ್ನು ನೋಡಿ" ಎನ್ನುತ್ತದೆ. ವರ್ತಕರ ಮುಖಚಿತ್ರ ಹೇಳಬೇಕಾದದ್ದು, "ಈ ಸರಕಿಗೆ ನಾನು ಹೊಣೆ" ಎಂದು. ರಸೀತಿಯ ಕೆಳಗೆ ರುಜು ಮಾಡುವುದನ್ನು ಯಾರೂ ಜಂಬವೆನ್ನುವುದಿಲ್ಲ. ರುಜು ಮಾಡಲು ಹಿಂದೆಗೆಯುವವರನ್ನೇ ಸಂಶಯದಿಂದ ನೋಡುತ್ತಾರೆ. ಮುಖಚಿತ್ರವೂ ಒಂದು ಬಗೆಯ ರುಜುವೇ. ಇಷ್ಟು ಮನಸ್ಸಿಗೆ ಬಂದರೆ ಅರ್ಧ ಸಂಕೋಚ ಕಳೆಯಿತು.

ಹಿಂದೆ ಈ ರುಜು ಹಾಕುವ ಭಾಗ್ಯ ಅರಸರಿಗೆ ಮಾತ್ರ ಇತ್ತೆಂಬುದನ್ನೂ ನೆನೆಯಬೇಕು. ವಿಜಯಪುರದ ಆದಿಲ್‌ಶಾಹಿ ದೊರೆ ಎರಡನೆಯ ಇಬ್ರಾಹಿಮನ (1580-1627) ಭಾವಚಿತ್ರಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಮೊದಲಾದ ಕಡೆಗಳಲ್ಲಿವೆ. ಸುಮಾರು 1680ರಲ್ಲಿ ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂಬ ಚಿತ್ರಕಾರರು ಆ ವಂಶದ ಸುಲ್ತಾನರೆಲ್ಲರನ್ನೂ, ಎಂದೋ ತೀರಿಹೋದವರನ್ನು ಕೂಡ, ಒಂದೇ ಸಾಲಿನಲ್ಲಿ ಕೂರಿಸಿ ಬರೆದರು. ಆ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಅದೂ ಒಂದು ಹಕ್ಕುಪತ್ರವೇ: ಈ ರಾಜ್ಯಕ್ಕೆ ನಾವು ಹೊಣೆ ಎಂಬ ಘೋಷಣೆ. ಆ ಅರಸರಿಗೆ ಅರಿವೆ ಮಾರಿದ ವರ್ತಕರ ಮುಖವನ್ನು ಹೀಗೆ ಬರೆದಿಡುವ ಪದ್ಧತಿ ಇರಲಿಲ್ಲ.

1839ರಲ್ಲಿ ಫ್ರಾನ್ಸಿನ ಡಾಗೇರ್ ತನ್ನ ವಿಧಾನವನ್ನು ಲೋಕಕ್ಕೆ ತಿಳಿಸಿದ ಮೇಲೆ ಈ ಭೇದ ಮೆಲ್ಲಮೆಲ್ಲನೆ ಅಳಿಯಿತು. ಆದರೆ ವಿಜಯಪುರಕ್ಕೆ ಬಂದ ಹಳೆಯ ಕ್ಯಾಮೆರಾಗಳು ಮನುಷ್ಯರಿಗಿಂತ ಕಟ್ಟಡಗಳನ್ನೇ ಹುಡುಕಿಕೊಂಡು ಬಂದವು. ಕರ್ನಲ್ ಬಿಗ್ಸ್ ಮತ್ತು ಮೇಜರ್ ಲಾಕ್ ತೆಗೆದ ಚಿತ್ರಗಳು ಮೆಡೋಸ್ ಟೇಲರ್ ಹಾಗೂ ಫರ್ಗುಸನ್ನರ ಬರಹದೊಡನೆ 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಹೊರಬಂದವು. ಗೋಳಗುಮ್ಮಟಕ್ಕೆ ನಾಚಿಕೆಯಿಲ್ಲ, ಎಷ್ಟು ಹೊತ್ತಾದರೂ ಅಲುಗದೆ ನಿಲ್ಲುತ್ತದೆ. ಮನುಷ್ಯರ ಪಾಡು ಹಾಗಲ್ಲ. ಮೊದಮೊದಲು ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಕದಲದೆ ಕೂರಬೇಕಾಗಿತ್ತು. ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಆಧಾರ ಕೊಡುತ್ತಿದ್ದರು. ಅಷ್ಟು ಹೊತ್ತು ನಗುವನ್ನು ಹಿಡಿದಿಡಲು ಯಾರಿಂದ ಸಾಧ್ಯ? ಹಳೆಯ ಪಟಗಳಲ್ಲಿ ಕಾಣುವ ಗಡುಸುತನ ಒಂದು ಪಾಲು ಆ ಕಾಲದ ಮಂದ ಯಂತ್ರದ ಕೊಡುಗೆ. ಇಂದು ಕ್ಷಣದ ನೂರನೆಯ ಒಂದು ಪಾಲು ಸಾಕು. ಯಂತ್ರ ಬದಲಾಯಿತು, ನಮ್ಮ ಮೈ ಮಾತ್ರ ಇನ್ನೂ ಆ ಕಬ್ಬಿಣದ ಆಧಾರಕ್ಕೆ ಒರಗಿದೆ.

ಇನ್ನು "ನನ್ನ ಫೋಟೋ ಚಲೋ ಬರೂದಿಲ್ರಿ" ಎಂಬ ದೂರು. ಇದು ಬರಿಯ ನೆಪವಲ್ಲ. ಇದಕ್ಕೆ ಎರಡು ನಿಜವಾದ ಕಾರಣಗಳಿವೆ. ನಮ್ಮ ಮುಖವನ್ನು ನಾವು ಬಲ್ಲುದು ಕನ್ನಡಿಯಿಂದ. ಕನ್ನಡಿ ಎಡವನ್ನು ಬಲ ಮಾಡುತ್ತದೆ. ಬೈತಲೆ, ಹುಬ್ಬಿನ ಏರಿಳಿತ, ಕೆನ್ನೆಯ ಮಚ್ಚೆ ಎಲ್ಲವೂ ಅಲ್ಲಿ ಅದಲುಬದಲು. ಛಾಯಾಚಿತ್ರದಲ್ಲಿ ಅವು ಸರಿಯಾದ ಕಡೆಗೆ ಬಂದಾಗ ನಮಗೆ ನಾವೇ ಅಪರಿಚಿತರಾಗಿ ಕಾಣುತ್ತೇವೆ. 1977ರಲ್ಲಿ ಅಮೆರಿಕದ ಮೂವರು ಮನಃಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಜನರು ತಮ್ಮ ಮುಖದ ಕನ್ನಡಿಯ ರೂಪವನ್ನೇ ಹೆಚ್ಚಾಗಿ ಮೆಚ್ಚಿದರು. ಅವರ ಆಪ್ತರು ನಿಜರೂಪದ ಚಿತ್ರವನ್ನೇ ಹೆಚ್ಚಾಗಿ ಮೆಚ್ಚಿದರು. ಪ್ರತಿಯೊಬ್ಬರೂ ತಾವು ದಿನವೂ ಕಂಡ ಮುಖವನ್ನು ಮೆಚ್ಚಿದ್ದರು, ಅಷ್ಟೆ. ಗಿರಾಕಿಗಳು ನಮ್ಮನ್ನು ಕಾಣುವುದು ಆಪ್ತರು ಕಾಣುವ ರೀತಿಯಲ್ಲಿ. ಆದ್ದರಿಂದ ತೆಗೆದ ಚಿತ್ರಗಳಲ್ಲಿ ಒಂದನ್ನು ಆರಿಸುವ ಕೆಲಸವನ್ನು ಯಜಮಾನರು ತಾವೊಬ್ಬರೇ ಮಾಡಬಾರದು. ಮನೆಯವರಿಗೋ ಅಂಗಡಿಯ ಹಳೆಯ ಗುಮಾಸ್ತರಿಗೋ ಒಪ್ಪಿಸುವುದು ಲೇಸು.

ಎರಡನೆಯದು ದೂರದ ವಿಚಾರ. ಕ್ಯಾಮೆರಾ ಮುಖಕ್ಕೆ ತೀರ ಹತ್ತಿರ ಬಂದರೆ ಹತ್ತಿರದ ಮೂಗು ದೊಡ್ಡದಾಗಿ, ಹಿಂದಿರುವ ಕಿವಿಗಳು ಚಿಕ್ಕವಾಗಿ ಕಾಣುತ್ತವೆ. ಐದು ಅಡಿಯಿಂದ ತೆಗೆದ ಚಿತ್ರಕ್ಕೆ ಹೋಲಿಸಿದರೆ ಒಂದು ಅಡಿಯಿಂದ ತೆಗೆದ ಚಿತ್ರದಲ್ಲಿ ಮೂಗಿನ ಅಗಲ ಸುಮಾರು 30 ಪ್ರತಿಶತ ಹೆಚ್ಚಾಗಿ ತೋರುತ್ತದೆಂದು 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ತೋರಿಸಿದ್ದಾರೆ. ಕೈಯಳತೆಯಲ್ಲಿ ಮೊಬೈಲು ಹಿಡಿದು ತಾವೇ ತೆಗೆದುಕೊಂಡ ಚಿತ್ರವನ್ನು ನೋಡಿ "ನನ್ನ ಮೂಗು ಹೀಗೇ" ಎಂದು ಕೊರಗುವವರು ಸಮಾಧಾನ ತಾಳಬಹುದು. ತಪ್ಪು ಮೂಗಿನದಲ್ಲ, ದೂರದ್ದು. ಐದಾರು ಅಡಿ ಹಿಂದೆ ಸರಿದು, 35 ಮಿಲಿಮೀಟರ್ ಅಳತೆಯ ಕ್ಯಾಮೆರಾದಲ್ಲಿ 85 ರಿಂದ 105 ಮಿಲಿಮೀಟರ್ ಮಸೂರ ಹಾಕಿ ತೆಗೆದರೆ ಮುಖ ಎದುರು ಕುಳಿತವರಿಗೆ ಕಂಡಂತೆಯೇ ಬರುತ್ತದೆ. ಒಳ್ಳೆಯ ಛಾಯಾಗ್ರಾಹಕರು ದೂರ ನಿಲ್ಲುವುದು ಇದಕ್ಕಾಗಿಯೇ.

ಈಗ ಆಚರಣೆಯ ಮಾತಿಗೆ ಬರೋಣ. ಮೊದಲು ಛಾಯಾಗ್ರಾಹಕರಿಗೆ ಒಂದೆರಡು ಸೂಚನೆ. ಅಂಜುವ ವರ್ತಕರನ್ನು ಸ್ಟುಡಿಯೋದ ಕತ್ತಲೆ ಕೋಣೆಗೆ ಕರೆಯಬೇಡಿ. ನೀವೇ ಅವರ ಅಂಗಡಿಗೆ ಹೋಗಿ. ತಮ್ಮ ಗದ್ದುಗೆಯ ಮೇಲೆ ಕುಳಿತವರಿಗೆ ಇರುವ ಧೈರ್ಯ ಬೇರೆಲ್ಲಿಯೂ ಇರದು. ವಿಜಯಪುರದ ಬಿಸಿಲು ಪ್ರಖರವಾದದ್ದು. ನಡುಹಗಲಿನಲ್ಲಿ ಬಯಲಿಗೆ ನಿಲ್ಲಿಸಿದರೆ ಕಣ್ಣು ಕಿರಿದಾಗಿ, ಹುಬ್ಬಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಬೆಳಗಿನ ಹೊತ್ತು ಬಾಗಿಲಿನಿಂದ ಎರಡು ಮೂರು ಅಡಿ ಒಳಗೆ, ಹೊರಗಿನ ಬೆಳಕು ಓರೆಯಾಗಿ ಮುಖದ ಮೇಲೆ ಬೀಳುವಂತೆ ಕೂರಿಸಿದರೆ ಬೇರೆ ದೀಪವೇ ಬೇಡ. ಕ್ಯಾಮೆರಾವನ್ನು ಚೀಲದಿಂದ ಹೊರತೆಗೆಯುವ ಮೊದಲು ಚಹಾ ಕುಡಿಯಿರಿ. ಈ ಸಲದ ದ್ರಾಕ್ಷಿಯ ದರವೇನು, ಮಳೆಯ ಸುದ್ದಿಯೇನು, ಅಂಗಡಿಯನ್ನು ತೆರೆದದ್ದು ಯಾರ ಕಾಲದಲ್ಲಿ ಎಂದು ಕೇಳಿ. ಹೇಳುತ್ತ ಹೇಳುತ್ತ ಅವರ ಮುಖದಲ್ಲಿ ತಾನಾಗಿ ಒಂದು ಕಳೆ ಬರುತ್ತದೆ. ನಿಮಗೆ ಬೇಕಾದದ್ದು ಅದು.

"ನಗಿ" ಎಂದು ಅಪ್ಪಣೆ ಕೊಡಬೇಡಿ. 1862ರಷ್ಟು ಹಿಂದೆಯೇ ಫ್ರಾನ್ಸಿನ ವೈದ್ಯ ಡುಶೆನ್ ಒಂದು ವಿಷಯವನ್ನು ಗುರುತಿಸಿದ್ದನು. ತುಟಿಯ ಅಂಚನ್ನು ಮೇಲೆತ್ತುವ ಸ್ನಾಯು ನಮ್ಮ ಮಾತು ಕೇಳುತ್ತದೆ. ನಿಜವಾದ ಸಂತೋಷದಲ್ಲಿ ಕಣ್ಣಿನ ಸುತ್ತಲಿನ ಸ್ನಾಯುವೂ ಸೇರುತ್ತದೆ, ಅದು ಸುಲಭವಾಗಿ ಮಾತು ಕೇಳುವುದಿಲ್ಲ. ಆದ್ದರಿಂದ ಅಪ್ಪಣೆಯ ನಗು ಬಾಯಿಯಲ್ಲೇ ನಿಲ್ಲುತ್ತದೆ, ಕಣ್ಣಿಗೆ ಏರುವುದಿಲ್ಲ. ಎಲ್ಲರೂ ನಗಲೇಬೇಕೆಂಬ ನಿಯಮವೂ ಇಲ್ಲ. ಶಾಂತವಾದ ಮುಖ, ಸ್ಥಿರವಾದ ನೋಟ ಇದ್ದರೆ ಸಾಕು. ಬೀಜದ ವ್ಯಾಪಾರಿಗೆ ಅದೇ ಹೆಚ್ಚು ಒಪ್ಪುತ್ತದೆ. ಮೊದಲ ಹತ್ತು ಹದಿನೈದು ಚಿತ್ರಗಳು ಅಭ್ಯಾಸಕ್ಕೆಂದು ಮುಂಚೆಯೇ ಹೇಳಿಬಿಡಿ. ಆಮೇಲೆ ಸ್ವಲ್ಪ ಚೆನ್ನಾಗಿ ಬಂದ ಒಂದನ್ನು ಅವರಿಗೆ ತೋರಿಸಿ. "ಇಷ್ಟ ಚಲೋ ಬಂದೈತೇನು!" ಎಂಬ ಒಂದು ಉದ್ಗಾರ ನಿಮ್ಮ ನೂರು ಉಪದೇಶಗಳಿಗೆ ಸಮ.

ಕುಳಿತುಕೊಳ್ಳುವವರಿಗೂ ಕೆಲವು ಸುಲಭೋಪಾಯಗಳುಂಟು. ಕ್ಯಾಮೆರಾಕ್ಕೆ ಎದೆಯೊಡ್ಡಿ ನೇರವಾಗಿ ಕೂರುವ ಬದಲು ಭುಜವನ್ನು ಸ್ವಲ್ಪ ಓರೆ ಮಾಡಿ, ಮುಖವನ್ನು ಮಾತ್ರ ಈಚೆಗೆ ತಿರುಗಿಸಿ. ಉಸಿರನ್ನು ಬಿಗಿಹಿಡಿಯುವುದು ಅಂಜಿದವರ ಸ್ವಭಾವ; ಮೆಲ್ಲನೆ ಹೊರಬಿಟ್ಟರೆ ಹೆಗಲು ತಾನಾಗಿ ಇಳಿಯುತ್ತದೆ. ಕಣ್ಣು ಪಿಳುಕಿಸುವ ತೊಂದರೆಯಿದ್ದರೆ ಒಂದು ಗಳಿಗೆ ಮುಚ್ಚಿಕೊಂಡು, ಛಾಯಾಗ್ರಾಹಕರು ಮೂರು ಎಣಿಸಿದಾಗ ತೆರೆಯಿರಿ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದಿದ್ದರೆ ಅವುಗಳಿಗೆ ಕೆಲಸ ಕೊಡಿ: ತಕ್ಕಡಿ, ಲೆಕ್ಕದ ಪುಸ್ತಕ, ಅಳೆಯುವ ಗಜ, ಒಂದು ಹಿಡಿ ಒಣದ್ರಾಕ್ಷಿ. ದಿನವೂ ಉಡುವ ಬಟ್ಟೆಯನ್ನೇ ಉಡಿ, ಒಗೆದು ಇಸ್ತ್ರಿ ಮಾಡಿದ್ದಿರಲಿ. ತೀರ ಒತ್ತಾದ ಸಣ್ಣ ಗೆರೆಗಳ ಅಂಗಿ ಪರದೆಯ ಮೇಲೆ ಅಲೆಯಲೆಯಾಗಿ ಕಾಣುವುದರಿಂದ ಅದು ಬೇಡ. ಪಟಕ ಸುತ್ತುವವರು ಪಟಕದಲ್ಲಿಯೇ ಇರಲಿ. ಎಂದೂ ಹಾಕದ ಕೋಟನ್ನು ಎರವಲು ತಂದು ಹಾಕಿದರೆ, ಆ ಕೋಟಿನೊಳಗೆ ಕುಳಿತವರೂ ಎರವಲಿನವರಂತೆಯೇ ಕಾಣುತ್ತಾರೆ.

ಮಹಿಳೆಯರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಇಳಕಲ್ಲ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು ರೊಟ್ಟಿ ತಟ್ಟುವ ತಾಯಿಗೆ "ಸೆರಗು ಸರಿಸಿ" ಎನ್ನುವ ಅಧಿಕಾರ ಛಾಯಾಗ್ರಾಹಕರಿಗಿಲ್ಲ. ಮೊದಲು ಸಂಘದ ಗೆಳತಿಯರ ಜೊತೆಯಲ್ಲಿ, ಆಮೇಲೆ ಇಬ್ಬರಾಗಿ, ಕಡೆಗೆ ಒಬ್ಬರಾಗಿ ತೆಗೆದರೆ ಸಂಕೋಚ ಹಂತಹಂತವಾಗಿ ಕರಗುತ್ತದೆ. ಆ ಚಿತ್ರ ಎಲ್ಲಿ ಅಚ್ಚಾಗುತ್ತದೆ, ಯಾರು ನೋಡುತ್ತಾರೆ ಎಂಬುದನ್ನು ಮುಂಚೆಯೇ ತಿಳಿಸಿ ಒಪ್ಪಿಗೆ ಪಡೆಯತಕ್ಕದ್ದು. ಧರ್ಮದ ನಿಷ್ಠೆಯಿಂದಲೋ ಸ್ವಂತ ಮನಸ್ಸಿನಿಂದಲೋ "ಬೇಡ" ಎನ್ನುವವರು ಇದ್ದೇ ಇರುತ್ತಾರೆ. ಅವರ ಮಾತು ಅಲ್ಲಿಗೆ ಮುಗಿಯಿತು. ದುಡಿಯುವ ಎರಡು ಕೈಗಳ ಚಿತ್ರ ತೆಗೆದು ಕೆಳಗೆ ಹೆಸರು ಬರೆಸಿದರೂ ಅದು ರುಜುವೇ.

ಮುಖ ಸುಂದರವಾಗಿರಬೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಎಂ.ಡಿ.ಎಚ್. ಮಸಾಲೆಯ ಪೊಟ್ಟಣಗಳ ಮೇಲಿನ ಪೇಟ ಮೀಸೆಗಳ ವೃದ್ಧರ ಮುಖ ದೇಶಕ್ಕೆಲ್ಲ ಪರಿಚಿತ. ಅವರು 1923ರಲ್ಲಿ ಸಿಯಾಲಕೋಟೆಯಲ್ಲಿ ಹುಟ್ಟಿ, 2020ರಲ್ಲಿ ತೀರಿಕೊಂಡ ಆ ಸಂಸ್ಥೆಯ ಯಜಮಾನರಾದ ಧರ್ಮಪಾಲ ಗುಲಾಟಿಯವರು. ನಟನಟಿಯರನ್ನು ಹುಡುಕದೆ ತಮ್ಮ ಮುಖವನ್ನೇ ಮುಂದಿಟ್ಟರು. ಸುಕ್ಕುಗಳು ಅದಕ್ಕೆ ಅಡ್ಡಿಯಾಗಲಿಲ್ಲ. 2006ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಲ್ಲಿಸ್ ಮತ್ತು ಟೊಡೊರೊವ್ ಕಂಡುಕೊಂಡಂತೆ, ಅಪರಿಚಿತ ಮುಖವೊಂದನ್ನು ಕ್ಷಣದ ಹತ್ತನೆಯ ಒಂದು ಪಾಲು ಕಂಡರೂ ಸಾಕು, ಇವರನ್ನು ನಂಬಬಹುದೇ ಎಂಬ ತೀರ್ಪು ಮನಸ್ಸಿನಲ್ಲಿ ಹುಟ್ಟಿಬಿಡುತ್ತದೆ. ಆ ತೀರ್ಪು ಸರಿಯೇ ಆಗಿರುತ್ತದೆಂದಲ್ಲ. ಮೊದಲ ನೋಟ ಬಾಗಿಲನ್ನು ತೆರೆಯುತ್ತದೆ. ಒಳಗೆ ಬಂದವರನ್ನು ಉಳಿಸಿಕೊಳ್ಳುವುದು ತೂಕ ಮತ್ತು ಮಾತು.

ಆದಕಾರಣ ಚಿತ್ರವನ್ನು ತಿದ್ದಿ ತಿದ್ದಿ ನುಣ್ಣಗೆ ಮಾಡುವ ಚಪಲವನ್ನು ಬಿಡಬೇಕು. ಬೆವರಿನ ಹೊಳಪನ್ನು ಒರೆಸಿದರೆ ಸಾಕು. ಹಣೆಯ ಗೆರೆ, ಗಲ್ಲದ ಗಾಯದ ಗುರುತು ಇರಲಿ. ಚಿತ್ರ ನೋಡಿ ಬಂದ ಗಿರಾಕಿ ಅಂಗಡಿಯಲ್ಲಿ ಬೇರೊಂದು ಮುಖವನ್ನು ಕಂಡರೆ ಮೊದಲ ಸಂಶಯ ಅಲ್ಲಿಯೇ ಹುಟ್ಟುತ್ತದೆ. ಇಂದು ಗಣಕಯಂತ್ರಗಳು ಎಂದೂ ಹುಟ್ಟದ ಮನುಷ್ಯರ ಮುಖವನ್ನು ನಿಮಿಷದೊಳಗೆ ರಚಿಸಿಕೊಡುತ್ತವೆ. ಕಳ್ಳ ವ್ಯಾಪಾರಕ್ಕೆ ಅಂಥ ಮುಖಗಳೇ ಅನುಕೂಲ, ಏಕೆಂದರೆ ಅವು ಯಾವುದಕ್ಕೂ ಹೊಣೆಯಲ್ಲ. ಸುಳ್ಳು ಮುಖಗಳು ಇಷ್ಟು ಅಗ್ಗವಾದ ಕಾಲದಲ್ಲಿ, ಹೋಗಿ ಕೇಳಿದರೆ ಎದುರಿಗೆ ಸಿಕ್ಕುವ ನಿಜವಾದ ಮುಖದ ಬೆಲೆ ಏರಿದೆ. ಮಾಲು ಚೆನ್ನಾಗಿದ್ದೂ ಮುಖ ತೋರಲು ಅಂಜುವ ಸಭ್ಯರು ಹಿಂದೆ ನಿಂತರೆ, ಆ ಜಾಗವನ್ನು ಅಂಜಿಕೆಯಿಲ್ಲದ ಸುಳ್ಳುಗಾರರು ತುಂಬುತ್ತಾರೆ.

ಕಡೆಯದಾಗಿ ಮನೆಯವರ ಪರವಾಗಿ ಒಂದು ಮಾತು. ಹಾರ ಹಾಕಿದ ಎಷ್ಟೋ ಪಟಗಳು ಗುರುತಿನ ಚೀಟಿಯ ಅಂಚೆಚೀಟಿಯಷ್ಟಗಲದ ಚಿತ್ರವನ್ನು ಹಿಗ್ಗಿಸಿ ಮಾಡಿಸಿದವು, ಇಲ್ಲವೇ ಮದುವೆಯ ಗುಂಪಿನಿಂದ ಕತ್ತರಿಸಿ ತೆಗೆದವು. ಮಬ್ಬಾದ ಆ ಮುಖದಲ್ಲಿ ಅಪ್ಪನ ಗತ್ತೂ ಇಲ್ಲ, ನಗೆಯೂ ಇಲ್ಲವೆಂದು ಮಕ್ಕಳು ಕೊರಗುವುದುಂಟು. ತಂದೆಯ ಪಟವನ್ನು ತೋರಿಸಿ "ಸಾಕು" ಎನ್ನುವ ಯಜಮಾನರು ಅದನ್ನೇ ಇನ್ನೊಮ್ಮೆ ನೋಡಬೇಕು. ಅವರೂ ಒಂದು ದಿನ ಬಾಗಿಲ ಬೆಳಕಿನಲ್ಲಿ, ತಮ್ಮ ಗದ್ದುಗೆಯ ಮೇಲೆ, ಕೈಯಲ್ಲಿ ತಕ್ಕಡಿ ಹಿಡಿದು ಅರ್ಧ ಗಂಟೆ ಕುಳಿತುಕೊಳ್ಳಲಿ. ಗಿರಾಕಿಗೆ ಹೊಣೆಗಾರರ ಗುರುತು ಸಿಕ್ಕುತ್ತದೆ. ಮನೆಯವರಿಗೆ, ಬದುಕಿ ಬಾಳುತ್ತಿರುವ ತಮ್ಮ ಹಿರಿಯರ ಚಿತ್ರವೊಂದು ದೊರೆಯುತ್ತದೆ.